ಆಚೆಪಟ್ಟಣಕ್ಕೆ ಎಷ್ಟು ಬುತ್ತಿ ದೂರ

ನಮ್ಮೂರಿನ ವಿಮಾನ ನಿಲ್ದಾಣದ ಗೋಡೆಯ ಮೇಲೆ ಆಚೆಪಟ್ಟಣಕ್ಕೆ ಎಷ್ಟು ಮೈಲಿ, ಎಷ್ಟು ಹೊತ್ತಿನ ಹಾರಾಟ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಎರಡು ಸಾವಿರ ಚಿಲ್ಲರೆ ಮೈಲಿ, ಮೂರೂವರೆ ಗಂಟೆ. ಅದನ್ನು ನಿಂತು ಓದುವವರು ಪರವೂರಿನವರು. ಊರಿನವರು ಅದರ ಕೆಳಗಿನ ಬೆಂಚಿನಲ್ಲಿ ಕೂತು, ಹತ್ತುವವರ ಕೈಚೀಲಗಳನ್ನು ನೋಡಿ ಹೊತ್ತನ್ನು ಅಂದಾಜು ಮಾಡುತ್ತಾರೆ. ಹಾಸ್ಟೆಲಿನ ಹುಡುಗರೇ ತುಂಬಿದ್ದರೆ ಬೋರ್ಡಿನಲ್ಲಿ ಬರೆದಷ್ಟೇ ಹೊತ್ತು. ಹೆಂಡತಿಯರು ಕಟ್ಟಿಕೊಟ್ಟಿದ್ದರೆ ಸಂಜೆಯಾಗುತ್ತದೆ. ತಾಯಂದಿರು ಕಟ್ಟಿಕೊಟ್ಟಿದ್ದರೆ ಆಚೆಯವರಿಗೆ ಫೋನು ಮಾಡಿ, ನಾಳೆ ಬರುತ್ತೇವೆ ಎಂದು ಹೇಳಿಬಿಡುವುದು ಒಳ್ಳೆಯದು. ವಿಮಾನದೊಳಗಿನ ಬುತ್ತಿ ಮುಗಿಯುವ ತನಕ ಆಚೆಪಟ್ಟಣ ಬರುವುದಿಲ್ಲ. ಕಿಟಕಿಯಲ್ಲಿ ಕಾಣಿಸುತ್ತದೆ, ಬರುವುದಿಲ್ಲ.

ಬಿಸಾಡಿದರೆ ನಡೆಯುವುದಿಲ್ಲ, ಬಚ್ಚಿಟ್ಟರೂ ನಡೆಯುವುದಿಲ್ಲ. ಯಾರದಾದರೂ ಹೊಟ್ಟೆ ಸೇರಬೇಕು. ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಅವಸರದ ವ್ಯಾಪಾರಿಗಳು ಏಕಾದಶಿಯ ದಿನ ನೋಡಿ ಟಿಕೆಟ್ ಕೊಂಡು ಮೋಸಹೋಗುತ್ತಾರೆ, ಯಾಕೆಂದರೆ ಉಪವಾಸ ಮಾಡುವವರ ಬುತ್ತಿ ಉಳಿದವರದ್ದಕ್ಕಿಂತ ದೊಡ್ಡದು. ಹೊಸದಾಗಿ ಮದುವೆಯಾದ ಒಂದು ಜೋಡಿ, ಹುಡುಗಿಯ ಮನೆಯವರು ಕೊಟ್ಟ ಹೋಳಿಗೆಯ ಬುಟ್ಟಿಯಿಂದಾಗಿ, ಮೊದಲ ಜಗಳವನ್ನು ಆಕಾಶದಲ್ಲೇ ಆಡಿ, ರಾಜಿಯಾಗಿ, ಎರಡನೆಯದನ್ನೂ ಮುಗಿಸಿ ಇಳಿದರಂತೆ. ಆಚೆಪಟ್ಟಣದ ನೆಂಟರಿಗೆಂದು ತಿಂಡಿ ಒಯ್ಯುವವರಿಗೆ ಮಾತ್ರ ವಿನಾಯಿತಿ. ಕೌಂಟರಿನ ಮೇಲೆ ಡಬ್ಬಿಯನ್ನಿಟ್ಟು, ಯಾರಿಗೆ ಒಯ್ಯುತ್ತಿದ್ದೇವೋ ಅವರ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಗುಮಾಸ್ತರು ಕೆಂಪು ದಾರ ಕಟ್ಟಿಕೊಡುತ್ತಾರೆ. ಕೆಂಪು ದಾರ ಕಟ್ಟಿದ್ದು ಬುತ್ತಿಯಲ್ಲ, ಉಡುಗೊರೆ. ಅದು ವಿಮಾನವನ್ನು ತಡೆಯುವುದಿಲ್ಲ.

ಇಷ್ಟಾದರೂ ಉಳಿಯುವುದು ಉಳಿದೇ ಉಳಿಯುತ್ತದೆ. ಅದನ್ನು ತಿಂದು ಮುಗಿಸುವುದಕ್ಕೆಂದೇ ಕಂಪನಿಯವರು ಪ್ರತಿ ವಿಮಾನಕ್ಕೂ ಒಬ್ಬರನ್ನು ನೇಮಿಸುತ್ತಾರೆ. ಹುದ್ದೆಯ ಹೆಸರು ಶೇಷಾಹಾರ ನಿರ್ವಾಹಕಿ. ಯಾವುದಾದರೂ ಪದವಿ ಆಗಿರಬೇಕು. ನನ್ನದು ಬಿ.ಎ., ಇತಿಹಾಸ.

ನನ್ನ ಹೆಸರು ವಾಗೀಶ್ವರಿ. ಹೆಸರಿಡುವ ದಿನ ತೊಟ್ಟಿಲಲ್ಲಿ ಅಷ್ಟು ಜೋರಾಗಿ ಅಳುತ್ತಿದ್ದೆನಂತೆ, ಅಪ್ಪ ಆಸೆಪಟ್ಟುಬಿಟ್ಟರು. ಆಮೇಲೆ ನಾನು ಅಷ್ಟು ಜೋರಾಗಿ ಏನನ್ನೂ ಹೇಳಿದವಳಲ್ಲ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಬಾಯಿ ಬಾರದೆ ಮೂರು ವರ್ಷ ಕೈಯೆತ್ತಿಯೇ ಪಾಸಾದೆ. ಹೇಳಬೇಕಾದದ್ದನ್ನೆಲ್ಲ ರಾತ್ರಿ ದಿನಚರಿಯಲ್ಲಿ ಬರೆದು ಮಲಗುತ್ತೇನೆ. ಓದು ಮುಗಿದ ಮೇಲೆ ಅಮ್ಮನ ಅಣ್ಣ ಶ್ರೀಕಂಠಮಾವ ತಮ್ಮ ಸೀರೆ ಅಂಗಡಿಯಲ್ಲಿ ಕೆಲಸ ಕೊಟ್ಟರು. ಬಾಗಿಲಲ್ಲಿ ನಿಂತು, ಬೀದಿಯಲ್ಲಿ ಹೋಗುವ ಹೆಂಗಸರನ್ನು "ಬನ್ನಿ ಅಕ್ಕ, ಒಳಗೆ ಬನ್ನಿ, ನೋಡೋಕೇನು ದುಡ್ಡಾ" ಎಂದು ಕರೆಯುವ ಕೆಲಸ. ಒಂದು ದಿನ ನಿಂತೆ. ಸಂಜೆ ಮಾವ ಅಮ್ಮನಿಗೆ ಫೋನು ಮಾಡಿ, "ನಿನ್ನ ಮಗಳನ್ನ ಬೊಂಬೆ ಅಂದ್ಕೊಂಡು ಇಬ್ಬರು ಸೆರಗು ಎಳೆದು ರೇಟು ಕೇಳಿದ್ರು ಕಣೆ. ಅದಕ್ಕೂ ಬಾಯಿ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಪರವಾಗಿಲ್ಲ, ಅಭ್ಯಾಸ ಆಗುತ್ತೆ, ಸೋಮವಾರದಿಂದ ಕಳಿಸು" ಎಂದರು.

ಆ ಸೋಮವಾರವನ್ನು ತಪ್ಪಿಸಿಕೊಳ್ಳುವುದಕ್ಕೆ ನಾನು ವಿಮಾನ ಹತ್ತಿದೆ. ನನ್ನಲ್ಲಿ ಇರುವುದು ಒಂದೇ ಗುಣ, ಎಷ್ಟು ಬಡಿಸಿದರೂ ಉಣ್ಣುತ್ತೇನೆ, ಮೈಗೆ ಹತ್ತುವುದಿಲ್ಲ. ಅತ್ತೆಯಂದಿರು ಇದನ್ನು ಬಾಲ್ಯದಿಂದ ಒಂದು ಕಾಯಿಲೆಯ ಹಾಗೆ ಹೇಳಿಕೊಂಡು ಬಂದಿದ್ದರು. ತಿನ್ನುವುದೇ ಕೆಲಸವಾದರೆ ಬಾಯಿ ತುಂಬಿರುತ್ತದೆ. ಮಾತಾಡು ಎಂದು ಯಾರೂ ಹೇಳುವಂತಿಲ್ಲ. ಇಂಥ ಹುದ್ದೆ ಲೋಕದಲ್ಲಿ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತ್ತು.

ಪರೀಕ್ಷೆ ಒಂದೇ ಪ್ರಯಾಣದ್ದು. ನನ್ನ ಕೆಲಸ ನೋಡಲು ಬಂದವರು ಪದ್ಮಾಕ್ಷಿ ಮೇಡಂ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ, ಈಗ ಸಕ್ಕರೆ ಕಾಯಿಲೆ ಬಂದು ಮೇಲ್ವಿಚಾರಕರಾಗಿದ್ದರು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಇದೇನಮ್ಮ, ಊದಿದ್ರೆ ಹಾರಿಹೋಗ್ತೀಯಲ್ಲ. ಎಲ್ಲಿ ಇಟ್ಕೋತೀಯ ತಿಂದಿದ್ದನ್ನ" ಎಂದರು. ನಾನು ನಕ್ಕೆ. "ಸರಿ, ಕೇಳು. ಈ ವಿಮಾನ ಬೆಳಕಿರುವಾಗ ಆಚೆಪಟ್ಟಣದಲ್ಲಿ ಇಳಿದರೆ ಕೆಲಸ ನಿಂದು. ಕತ್ತಲಾದ್ರೆ ನಿನ್ನ ದಾರಿ ನಿಂಗೆ. ಏನಾದ್ರೂ ಕೇಳೋದಿದೆಯಾ?" ಇಲ್ಲವೆಂದು ತಲೆಯಾಡಿಸಿದೆ.

ಅಂದಿನ ಪ್ರಯಾಣಿಕರು ಅಡುಗೆಮನೆಯನ್ನೇ ಹೊತ್ತು ತಂದಿದ್ದರು. ಮೇಲಕ್ಕೇರಿ ಬೆಲ್ಟು ಬಿಚ್ಚುವಷ್ಟರಲ್ಲಿ ಇಡೀ ವಿಮಾನ ಒಗ್ಗರಣೆಯ ವಾಸನೆಯಲ್ಲಿ ತೇಲುತ್ತಿತ್ತು. ಚಪಾತಿ ಪಲ್ಯ, ಚಿತ್ರಾನ್ನ, ಮೆಂತ್ಯದ ಹಿಟ್ಟು ಹಚ್ಚಿದ ರೊಟ್ಟಿ, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ. ಅವರು ಕೈ ತೊಳೆದಲ್ಲಿಂದ ನಾನು ಶುರುಮಾಡಿದೆ. ಸಾಲಿನಿಂದ ಸಾಲಿಗೆ ತಟ್ಟೆ ಹಿಡಿದು ಹೋದೆ. ಮಕ್ಕಳು ಕಚ್ಚಿ ಬಿಟ್ಟ ಚಪಾತಿ, ಗಂಡಸರು ಬದಿಗೆ ಸರಿಸಿದ ಬದನೆಕಾಯಿ, ಯಾರೂ ಮುಟ್ಟದ ಹಾಗಲಕಾಯಿ ಗೊಜ್ಜು, ಯಾವುದನ್ನೂ ಬಿಡಲಿಲ್ಲ. ಪದ್ಮಾಕ್ಷಿ ಮೇಡಂ ಹಿಂದೆ ನಿಂತು ನೋಡುತ್ತಿದ್ದರು. ಮಧ್ಯಾಹ್ನ ಇಳಿಯುವ ಮೊದಲೇ ಡಬ್ಬಿಗಳೆಲ್ಲ ಬರಿದಾದವು. "ಪರವಾಗಿಲ್ಲ ಕಣೆ, ಹಾಗಲಕಾಯಿಗೂ ಮುಖ ಮುರೀಲಿಲ್ಲ ನೀನು" ಎಂದು ಅವರು ಬೆನ್ನು ತಟ್ಟಿದಾಗ, ಬದುಕಿದೆ ಅಂದುಕೊಂಡೆ.

ಆದರೆ ಆಚೆಪಟ್ಟಣ ಬರಲಿಲ್ಲ. ಆ ಪಟ್ಟಣದ ಅಂಚಿನಲ್ಲಿ ಒಂದು ಹಳೆಯ ಕಾರ್ಖಾನೆಯ ಹೊಗೆಕೊಳವೆ ಇದೆ. ಅದು ಕಿಟಕಿಯಲ್ಲಿ ಬೆಂಕಿಕಡ್ಡಿಯಷ್ಟು ಕಾಣುತ್ತಿತ್ತು. ಅರ್ಧ ಗಂಟೆ ಕಳೆದರೂ ಬೆಂಕಿಕಡ್ಡಿಯಷ್ಟೇ ಇತ್ತು. ಕೊನೆಗೆ ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ದೇವೇಂದ್ರಪ್ಪನವರೇ ಎದ್ದು ಹೊರಗೆ ಬಂದರು. ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಹುಡುಕುವವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಯಾರ ಹತ್ರ ಉಳಿದಿದೆಯೋ ತೆಗೀರಪ್ಪ. ಇದೇ ಗಾಡಿ ಸಂಜೆ ವಾಪಸ್ ಹೋಗ್ಬೇಕು. ಮನೇಲಿ ನನಗೂ ಹೆಂಡತಿ ಮಕ್ಕಳಿದ್ದಾರೆ" ಎಂದರು.

ಯಾರೂ ತೆಗೆಯಲಿಲ್ಲ. ಎಲ್ಲರೂ ಪಕ್ಕದವರನ್ನು ನೋಡಿದರು. ಚೀಲಗಳನ್ನು ತೆಗೆಸಿ ನೋಡುವುದಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ವಕೀಲ ಅಶ್ವತ್ಥರಾಯರು, ಇದು ಖಾಸಗಿ ವಿಷಯಕ್ಕೆ ಕೈಹಾಕಿದಂತೆ, ಇದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ತುಂಬಾ ಹೊತ್ತು ವಾದಿಸಿದರು. ಅವರ ಕೋಟಿನ ಜೇಬಿನಿಂದ ಒಂದು ಕೋಡುಬಳೆ ಸಿಕ್ಕಿತು. "ಇದು ಸಂಜೆ ಕಾಫಿಗೆ ಅಂತ," ಎಂದರು. "ಈಗಲೇ ಸಂಜೆ ಅಂದ್ಕೊಳ್ಳಿ ಸ್ವಾಮಿ," ಎಂದರು ಕ್ಯಾಪ್ಟನ್. ಅಷ್ಟೂ ಜನರ ಎದುರಿಗೆ ವಕೀಲರು ಕೋಡುಬಳೆಯನ್ನು ಕಟಕಟನೆ ಕಡಿದು ನುಂಗಿದರು. ಕೊಳವೆ ಬೆಂಕಿಕಡ್ಡಿಯಿಂದ ಪೆನ್ಸಿಲ್ಲಿನಷ್ಟಾಗಿ ಮತ್ತೆ ನಿಂತಿತು.

ಉಳಿದದ್ದು ಕೊನೆಯ ಸಾಲಿನ ಕಿಟಕಿ. ಅಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು, ಕಾತ್ಯಾಯಿನಮ್ಮ. ಹತ್ತಿದಾಗಿನಿಂದ ಒಂದು ತುತ್ತು ತಿಂದಿರಲಿಲ್ಲ, ಒಂದು ಮಾತು ಆಡಿರಲಿಲ್ಲ. ಮಡಿಲಲ್ಲಿ ಕೆಂಪು ದಾರ ಕಟ್ಟಿದ ಸ್ಟೀಲ್ ಡಬ್ಬಿ. ಎಲ್ಲರ ಕಣ್ಣು ಅದರ ಮೇಲೆ ಬಿದ್ದಾಗ ಅವರು ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡರು.

"ಇದು ನನ್ನ ಮಗಳಿಗೆ. ಹೆಸರು ಹೇಳಿ ದಾರ ಕಟ್ಟಿಸಿದೀನಿ. ಬೇಕಾದ್ರೆ ಗುಮಾಸ್ತನ್ನ ಕೇಳಿ."

"ದಾರ ಅಂದ್ರೆ ದಾರ," ಎಂದರು ವಕೀಲರು, ಕೋಡುಬಳೆಯ ಅವಮಾನದಿಂದ ಚೇತರಿಸಿಕೊಳ್ಳುತ್ತ. "ಅದನ್ನ ಬಿಚ್ಚೋ ಅಧಿಕಾರ ಮಗಳಿಗೆ ಮಾತ್ರ."

"ಹಾಗಾದ್ರೆ ಮಗಳನ್ನೇ ಇಲ್ಲಿಗೆ ಕರೆಸಿ," ಎಂದು ಯಾರೋ ನಡುವಿನ ಸಾಲಿನಿಂದ ಅಂದರು. ಕ್ಯಾಪ್ಟನ್ ತಲೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದರು. ಪದ್ಮಾಕ್ಷಿ ಮೇಡಂ ನನ್ನ ಕಿವಿಯಲ್ಲಿ, "ಹೋಗಿ ಹೇಗಾದ್ರೂ ಕೇಳಿ ತಗೋ. ಹೊತ್ತು ಇಳೀತಾ ಇದೆ. ಕತ್ತಲಾದ್ರೆ ಹೋಗೋದು ನಿನ್ನ ಕೆಲಸ, ನಂದಲ್ಲ" ಎಂದರು.

ನಾನು ಹೋಗಿ ಅವರ ಪಕ್ಕದ ಖಾಲಿ ಸೀಟಿನಲ್ಲಿ ಕೂತೆ. ಏನು ಕೇಳಬೇಕೆಂದು ಮನಸ್ಸಿನಲ್ಲೇ ಮೂರು ಬಗೆಯ ವಾಕ್ಯ ಮಾಡಿಕೊಂಡೆ. ಮೂರೂ ಗಂಟಲಿನಲ್ಲಿ ನಿಂತವು. ಬಿಸಿಲು ಅವರ ಕಿಟಕಿಯಿಂದ ಸರಿದು ರೆಕ್ಕೆಯ ಮೇಲೆ ಹೋಯಿತು.

"ಏನೂ ಕೇಳಲ್ವೇನೇ ನೀನು?" ಎಂದರು ಕಾತ್ಯಾಯಿನಮ್ಮ.

ಇಲ್ಲವೆಂದು ತಲೆಯಾಡಿಸಿದೆ.

"ಒಳ್ಳೇದಾಯ್ತು. ಕೇಳಿದ್ರೆ ಹೇಳ್ತಿರಲಿಲ್ಲ." ಡಬ್ಬಿಯನ್ನು ಇನ್ನೊಮ್ಮೆ ಸರಿಯಾಗಿ ಇಟ್ಟುಕೊಂಡರು. "ಮೇದಿನಿ ಅಂತ ನನ್ನ ಮಗಳು. ಒಬ್ಬಳೇ. ಮೂರು ವರ್ಷದ ಹಿಂದೆ ಅವಳ ಮನೆಗೆ ಬಂದಿದ್ದೆ. ಅವಳ ಅತ್ತೆ ಎದುರಿಗೇ ಸಾರು ನೀರಾಗಿದೆ ಅಂದುಬಿಟ್ಟೆ. ನೀರಾಗೇ ಇತ್ತು ಕಣೆ, ಸುಳ್ಳು ಹೇಳಲಾ. ಇನ್ನು ಮೇಲೆ ಬರೋದಾದ್ರೆ ನಿನ್ನ ಊಟ ನೀನೇ ಕಟ್ಕೊಂಡು ಬಾ ಅಮ್ಮ ಅಂದಳು ಮೇದಿನಿ. ಅವತ್ತಿಂದ ಅವಳೂ ಮಾತಾಡಿಲ್ಲ, ನಾನೂ ಆಡಿಲ್ಲ."

ಕಿಟಕಿಯಲ್ಲಿ ಕೊಳವೆ ಹಾಗೇ ನಿಂತಿತ್ತು.

"ಹೋದ ವಾರ ಅಳಿಯ ಫೋನ್ ಮಾಡಿದ. ಒಂದು ಸಲ ಬಂದು ಹೋಗಿ ಅತ್ತೆ ಅಂದ. ಬಂದು ಇರಿ ಅಂದನಾ? ಇಲ್ಲ. ಅದಕ್ಕೇ ನಾನೂ ಲೆಕ್ಕ ಹಾಕಿದೆ. ಇಳಿಯೋದು, ಅವಳು ಬಂದಿದ್ರೆ ನಿಲ್ದಾಣದ ಕಟಕಟೆಯಿಂದಾಚೆಗೆ ಮುಖ ನೋಡೋದು, ಇದೇ ಗಾಡೀಲಿ ವಾಪಸ್. ಟಿಕೆಟ್ಟೂ ತಗೊಂಡಿದೀನಿ. ಅವಳ ಮನೇಲಿ ನೀರು ಕೂಡ ಮುಟ್ಟಬಾರದು ಅಂತ ಗೊಜ್ಜವಲಕ್ಕಿ ಕಲಸಿ ತಂದೆ. ವಾಪಸ್ ಹೋಗ್ತಾ ತಿನ್ನೋಕೆ."

"ಹಾಗಾದ್ರೆ ಇದು ಬುತ್ತಿ," ಎಂದೆ. ಪ್ರಯಾಣ ಶುರುವಾದ ಮೇಲೆ ನಾನಾಡಿದ ಮೊದಲ ಮಾತು ಅದು.

ಕಾತ್ಯಾಯಿನಮ್ಮ ನನ್ನನ್ನು ದಿಟ್ಟಿಸಿ ನೋಡಿದರು. "ಬುತ್ತೀನೇ. ಗುಮಾಸ್ತನ ಹತ್ರ ಮಗಳ ಹೆಸರು ಹೇಳಿದೆ. ಮತ್ತೆ ಏನಂತ ಹೇಳಲಿ ಅಲ್ಲಿ, ಅಷ್ಟು ಜನರ ಮುಂದೆ? ಮಗಳ ಮನೇಲಿ ಊಟ ಇಲ್ಲ, ಅದಕ್ಕೇ ತಂದಿದೀನಿ ಅಂತಲಾ?"

ದಾರವನ್ನು ಅವರೇ ಬಿಚ್ಚಿದರು. ಮುಚ್ಚಳ ತೆಗೆದಾಗ ಹುರಿದ ಎಳ್ಳಿನ, ಹುಣಸೆಯ, ಬೆಲ್ಲದ ವಾಸನೆ ಎದ್ದು ಸಾಲುಸಾಲು ತಲೆಗಳು ಹಿಂದಕ್ಕೆ ತಿರುಗಿದವು. ನನ್ನ ತಟ್ಟೆಗೆ ಎರಡು ಹಿಡಿ ಹಾಕಿದರು. ತಿಂದೆ. ಮತ್ತೆ ಹಾಕಿದರು, ಮತ್ತೆ ತಿಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಹೊಟ್ಟೆ ತುಂಬಿದ ಹಾಗಾಯಿತು. ಡಬ್ಬಿಯಲ್ಲಿ ಇನ್ನೂ ಅರ್ಧ ಇತ್ತು. ಮದುವೆ ಮನೆಯ ಅಂದಾಜಿನಲ್ಲಿ ಕಲಸುವ ಕೈ ಅವರದು. ಪದ್ಮಾಕ್ಷಿ ಮೇಡಂ ನನ್ನ ಮುಖ ನೋಡಿ ಅರ್ಥಮಾಡಿಕೊಂಡು, ಡಬ್ಬಿಯನ್ನು ಪ್ರಸಾದ ಹಂಚುವ ಹಾಗೆ ಎತ್ತಿಕೊಂಡು ಹೋಗಿ ಎಲ್ಲರ ಅಂಗೈಗೆ ಚಿಟಿಕೆ ಚಿಟಿಕೆ ಹಾಕಿದರು. ಜನ ಬೆರಳು ನೆಕ್ಕಿದರು. ಕೊಳವೆ ಪೆನ್ಸಿಲ್ಲಿನಿಂದ ಒನಕೆಯಾಯಿತು, ಒನಕೆಯಿಂದ ಕಂಬವಾಯಿತು.

"ಹುಣಸೆ ಸ್ವಲ್ಪ ಮುಂದಾಗಿದೆ," ಎಂದರು ವಕೀಲರು.

"ಮುಂದಾಗಿದ್ರೆ ವಾಪಸ್ ಕೊಡಿ," ಎಂದರು ಕಾತ್ಯಾಯಿನಮ್ಮ. ವಕೀಲರು ಅಂಗೈಯನ್ನು ಮುಚ್ಚಿಕೊಂಡು ಆ ಕಡೆ ತಿರುಗಿದರು.

ಡಬ್ಬಿ ಮರಳಿ ಬಂದಾಗ ತಳದಲ್ಲಿ ಒಂದೇ ಒಂದು ಹಿಡಿ ಇತ್ತು. ಅದನ್ನು ಕಾತ್ಯಾಯಿನಮ್ಮ ಕೈಗೆ ತೆಗೆದುಕೊಂಡರು. ತಿನ್ನಲಿಲ್ಲ. ಮುಷ್ಟಿ ಕಟ್ಟಿ ಮಡಿಲಲ್ಲಿಟ್ಟುಕೊಂಡರು. ವಿಮಾನ ಆಚೆಪಟ್ಟಣದ ಮೇಲೆಯೇ ಬಂದಿತ್ತು. ಕೆಳಗೆ ತಾರಸಿಗಳ ಮೇಲೆ ಒಣಹಾಕಿದ ಬಟ್ಟೆಗಳನ್ನು ಹೆಂಗಸರು ತೆಗೆದುಕೊಳ್ಳುತ್ತಿದ್ದುದು ಕಾಣುತ್ತಿತ್ತು. ನಾವು ಅದೇ ತಾರಸಿಗಳ ಮೇಲೆ ಸುತ್ತುತ್ತಿದ್ದೆವು. "ಒಂದು ತುತ್ತು ಯಾರ ಕೈಲೋ ಉಳಿದಿದೆ, ದಯವಿಟ್ಟು," ಎಂದು ಕ್ಯಾಪ್ಟನ್ನರ ದನಿ ಸ್ಪೀಕರಿನಲ್ಲಿ ಬಂತು.

ಸೂರ್ಯ ಕೊಳವೆಯ ಹಿಂದೆ ಇಳಿಯುತ್ತಿದ್ದ. ಪದ್ಮಾಕ್ಷಿ ಮೇಡಂ ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನನ್ನ ಕೆಲಸ ಆ ಮುಷ್ಟಿಯಲ್ಲಿತ್ತು.

"ಇದೂ ಹೋದ್ರೆ ನನ್ನ ಹತ್ರ ಏನೂ ಇರಲ್ಲ," ಎಂದರು ಕಾತ್ಯಾಯಿನಮ್ಮ. "ಒಳಗೆ ಕರೀತಾಳೆ ಅಂತೀಯಾ?"

ಕರೆಯುತ್ತಾರೆ, ಖಂಡಿತ ಕರೆಯುತ್ತಾರೆ ಎಂದುಬಿಡಬಹುದಿತ್ತು. ಶ್ರೀಕಂಠಮಾವ ಆಗಿದ್ದರೆ ಎಂದೋ ಅಂದಿರುತ್ತಿದ್ದರು. "ಗೊತ್ತಿಲ್ಲ," ಎಂದೆ.

"ಸುಳ್ಳಾದ್ರೂ ಹೇಳಬಾರದಾ? ನಿನ್ನ ಕೆಲಸ ಉಳೀತಿತ್ತು. ಆ ಹೆಂಗಸು ಆಗಿಂದ ಬೆಳಕು ನೋಡ್ತಾ ಇರೋದು ನನಗೆ ಕಾಣಲ್ವಾ?"

"ಹಸಿವಾಗಿದೆ ಅಂತ ನೀವೇ ಹೇಳಬಹುದು."

"ನನಗೆ ಹಾಗೆಲ್ಲ ಹೇಳೋಕೆ ಬರಲ್ಲ."

"ನನಗೂ ಬರಲ್ಲ," ಎಂದೆ.

ಅವರು ನನ್ನನ್ನು ನೋಡಿದರು. ಮೊದಲು ಅವರ ಮೂಗು ನಕ್ಕಿತು, ಆಮೇಲೆ ಭುಜ. "ಚೆನ್ನಾಗಿದೆ ಜೋಡಿ," ಎಂದವರು ಮುಷ್ಟಿಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡರು. ಬೆಳಗ್ಗಿನಿಂದ ಏನೂ ತಿಂದಿರದಿದ್ದರೂ ಕಷಾಯ ಕುಡಿಯುವವರ ಹಾಗೆ ಕಣ್ಣು ಮುಚ್ಚಿ, ತುಂಬಾ ಹೊತ್ತು ಅಗಿದರು. ಅವರು ನುಂಗುವಷ್ಟರಲ್ಲಿ ಕೆಳಗೆ ಬೀದಿದೀಪಗಳು ಹತ್ತಿಕೊಂಡವು. ಚಕ್ರ ನೆಲ ಮುಟ್ಟಿದಾಗ ಕಿಟಕಿಯಲ್ಲಿ ನನ್ನ ಮುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಪದ್ಮಾಕ್ಷಿ ಮೇಡಂ ಏನೂ ಹೇಳಲಿಲ್ಲ. ಹೇಳದಿರುವುದನ್ನು ನಾನು ಚೆನ್ನಾಗಿ ಬಲ್ಲೆ. ಮನಸ್ಸಿನಲ್ಲೇ ಮಾವನ ಅಂಗಡಿಯ ಬಾಗಿಲಲ್ಲಿ ನಿಂತು ಅಭ್ಯಾಸಕ್ಕೆಂದು ಒಂದು ಸಲ "ಬನ್ನಿ ಅಕ್ಕ" ಎಂದು ನೋಡಿದೆ. ಬೆವರಿತು.

ಏಣಿಯ ಮೇಲೆ ನಿಂತು ಇಳಿಯುವವರನ್ನು ನೋಡುತ್ತಿದ್ದೆ. ಕಾತ್ಯಾಯಿನಮ್ಮ ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗಿಂತ ಹಿಂದೆ ನಡೆದರು. ಕಟಕಟೆಯ ಆಚೆ ಒಬ್ಬಳು ಹೆಂಗಸು ಕೈಕಟ್ಟಿ ನಿಂತಿದ್ದಳು. ಮಗಳು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಿಂತ ಭಂಗಿಯೇ ಹೇಳುತ್ತಿತ್ತು. ಈಚೆ ತಾಯಿ ನಿಂತರು. ಆಚೆ ಅವಳು ನಿಂತಳು. ಇಬ್ಬರೂ ಒಂದೇ ಹಟದಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಅಷ್ಟರಲ್ಲಿ ಸಾಮಾನಿನ ಗಾಡಿ ಅಡ್ಡ ಬಂತು. ಅದು ಸರಿಯುವ ಮೊದಲೇ ನನ್ನನ್ನು ಒಳಗೆ ಕರೆದರು.

ವಾಪಸ್ ಹೋಗುವವರು ಹತ್ತಿ ಕೂತರು. ಕೊನೆಯ ಸಾಲಿನ ಕಿಟಕಿ ಖಾಲಿ ಇತ್ತು. ಟಿಕೆಟ್ ಇದ್ದವರು ಬಾರದಿದ್ದರೆ ನಿಲ್ದಾಣದ ಮೈಕಿನಲ್ಲಿ ಮೂರು ಸಲ ಹೆಸರು ಹಿಡಿದು ಕೂಗಬೇಕು, ಆಮೇಲೆಯೇ ಬಾಗಿಲು ಹಾಕಬೇಕು ಎಂಬುದು ಕಂಪನಿಯ ನಿಯಮ. ಪದ್ಮಾಕ್ಷಿ ಮೇಡಂ ನನ್ನನ್ನೇ ಮೈಕಿನ ಹತ್ತಿರ ಕರೆದುಕೊಂಡು ಹೋದರು.

"ಹೊತ್ತಂತೂ ಮೀರಿತು. ಇದನ್ನಾದ್ರೂ ಸರಿಯಾಗಿ ಮಾಡು. ಗಟ್ಟಿಯಾಗಿ ಮೂರು ಸಲ ಕೂಗಿದ್ರೆ ನಿನ್ನ ಪರವಾಗಿ ಒಂದು ಮಾತು ಬರೀತೀನಿ. ಅಷ್ಟೂ ಆಗಲ್ಲ ಅಂದ್ರೆ ನಾನೇನು ಮಾಡಲಿ" ಎಂದು ಹೇಳಿ, ನಾಲ್ಕು ಹೆಜ್ಜೆ ದೂರ ಹೋಗಿ ಸ್ಪೀಕರಿನ ಕೆಳಗೆ ನಿಂತರು.

ಆ ಮೈಕಿನ ದನಿ ಆಟೋ ನಿಲ್ಲುವ ಜಾಗದ ತನಕ ಕೇಳಿಸುತ್ತದೆ. ಕಾತ್ಯಾಯಿನಮ್ಮ ಎಲ್ಲಿದ್ದಾರೋ ನನಗೆ ಕಾಣುತ್ತಿರಲಿಲ್ಲ. ಇನ್ನೂ ಕಟಕಟೆಯ ಹತ್ತಿರವೇ ನಿಂತಿರಬಹುದು. ಆಟೋದಲ್ಲಿ ಒಂದು ಕಾಲು ಇಟ್ಟಿರಬಹುದು. ಎಲ್ಲೇ ಇರಲಿ, ಹೆಸರು ಹಿಡಿದು ಕೂಗಿದರೆ ಅವರಿಗೆ ಒಂದು ನೆಪ ಸಿಗುತ್ತದೆ. ನೋಡು, ಕರೀತಿದ್ದಾರೆ, ಗಾಡಿ ಹೊರಡುತ್ತೆ ಎಂದು ತಿರುಗಿಬಿಡುತ್ತಾರೆ. ಇರು ಎನ್ನಲು ಮಗಳಿಗೆ ಬರುವುದಿಲ್ಲ. ಹಸಿವು ಎನ್ನಲು ಇವರಿಗೆ ಬರುವುದಿಲ್ಲ. ಇನ್ನೊಂದು ಮೂರು ವರ್ಷ ಆಗಿಹೋಗುತ್ತದೆ.

ವಿಚಿತ್ರವೆಂದರೆ ಆಗ ನನ್ನ ಗಂಟಲು ಕಟ್ಟಿರಲಿಲ್ಲ. ಹೆಸರು ನಾಲಗೆಯ ತುದಿಯಲ್ಲೇ ಇತ್ತು, ಕೂಗಿದ್ದರೆ ಬರುತ್ತಿತ್ತು. ಮೈಕಿನ ಗುಂಡಿ ಒತ್ತಿದೆ. ಗೊರ್ರ್ ಎಂದು ಸದ್ದಾಯಿತು. ಒಂದು ಹೆಸರು ಹೇಳುವಷ್ಟು ಹೊತ್ತು ಒತ್ತಿಯೇ ಇದ್ದು, ಬಿಟ್ಟೆ. ಎರಡನೆಯ ಸಲ ಒತ್ತಿದೆ. ಬೆಂಚಿನ ಮೇಲೆ ಮಲಗಿದ್ದವನೊಬ್ಬ ಗೊರ್ರ್ ಕೇಳಿ ಎದ್ದು ಕೂತು, ತನ್ನನ್ನು ಯಾರೂ ಕರೆಯಲಿಲ್ಲವೆಂದು ಮತ್ತೆ ಮಲಗಿದ. ಮೂರನೆಯ ಸಲ ಸ್ವಲ್ಪ ಜಾಸ್ತಿ ಹೊತ್ತು ಒತ್ತಿದೆ.

ಪದ್ಮಾಕ್ಷಿ ಮೇಡಂ ಸ್ಪೀಕರಿನ ಕೆಳಗಿನಿಂದ ನಡೆದು ಬಂದರು.

"ಕೂಗಿದೆಯಾ?"

"ಮೂರು ಸಲ, ಮೇಡಂ."

ಅವರು ನನ್ನ ಮುಖ ನೋಡಿದರು. ಬಾಗಿಲಾಚೆಯ ಕತ್ತಲನ್ನು ನೋಡಿದರು. ಯಾರೂ ಬರುತ್ತಿರಲಿಲ್ಲ.

"ಕೇಳಿಸ್ತು," ಎಂದರು. ಇನ್ನು ಹೊರಡಬಹುದೆಂದು ಕ್ಯಾಪ್ಟನ್ನರಿಗೆ ಕೈಸನ್ನೆ ಮಾಡಿದರು. ನಾನು ಮೇಡಂ ಹಿಂದೆ ಏಣಿ ಹತ್ತಿದೆ. ಮೇಲಿನ ಮೆಟ್ಟಿಲಲ್ಲಿ ಅವರು ನಿಂತು, ತಿರುಗದೆಯೇ, "ನಾಳೆ ಬೆಳಗ್ಗೆ ಆರಕ್ಕೆ ಬಾ. ಮನೇಲಿ ಏನೂ ತಿಂದ್ಕೊಂಡು ಬರಬೇಡ" ಎಂದರು.